ಅತ್ತಿಗೆಗೆ ಹೇಳಿದ ಹವಾಮಾನ

ಯುರೋಪಿನ ಚಳಿಯ ಬಗ್ಗೆ ನಾನು ಒಂದೇ ಒಂದು ಸಲ ಸುಳ್ಳು ಹೇಳಿದ್ದೇನೆ. ಬೇಕೆಂದೇ ಹೇಳಿದ್ದು. ಈಗಲೂ ಅದಕ್ಕೆ ನಾಚಿಕೆಯಿಲ್ಲ.

ಫೋನ್ ಮಾಡಿ ಕೇಳಿದವರು ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಅವರಿಗೆ ಮುಂಬೈಯಲ್ಲಿ ಹೋಟೆಲಿದೆ, ತೆಕ್ಕಟ್ಟೆಯಲ್ಲಿ ಎರಡು ಮಹಡಿಯ ಮನೆಯಿದೆ. ಆ ಅಕ್ಟೋಬರಿನಲ್ಲಿ ಅವರು ಗಂಡನ ಜೊತೆ ಟೂರಿಗೆ ಹೊರಟಿದ್ದರು. ಹನ್ನೊಂದು ದಿನ, ಐದು ಊರು, ಜೊತೆಗೊಬ್ಬ ಗೈಡು. ಹಿಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಟೂರು ಮಾಡಿ ಬಂದವರು ನಾವು. ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ನಡೆಸುವ ನಾವು ತಮಗಿಂತ ಮೊದಲು ಪ್ಯಾರಿಸ್ ನೋಡಿದ್ದು ಅತ್ತಿಗೆಗೆ ಅಷ್ಟಾಗಿ ಹಿಡಿಸಿರಲಿಲ್ಲ. ಆದರೂ ನಮ್ಮನ್ನೇ ಕೇಳಬೇಕಾಯಿತು.

"ಹ್ವಾಯ್, ಅಲ್ಲ್ ಚಳಿ ಹ್ಯಾಂಗ್ ಮಾರಾಯ್ತಿ? ದಪ್ಪ ಕೋಟ್ ಎಲ್ಲ ಬೇಕಾ?"

ಸರಿಯಾದ ಉತ್ತರ ನನಗೆ ಬಾಯಿಪಾಠವಾಗಿತ್ತು. ನಮ್ಮ ಕಡೆ ಸ್ವೆಟರ್ ಇರುವ ಮನೆಯೇ ಕಡಿಮೆ. ಹುಡುಕುತ್ತ ಬ್ರಹ್ಮಾವರದವರೆಗೆ ಹೋದರೂ ನನಗೆ ಸಿಕ್ಕಿದ್ದು ಒಂದು ಮಂಕಿ ಟೋಪಿ. ಮೊಬೈಲಿನಲ್ಲಿ ಎಂಟು ಡಿಗ್ರಿ ಎಂದು ಕಂಡರೆ ನಮಗದು ಬರೀ ಅಂಕಿ, ಮೈಗೆ ತಾಗುವುದಿಲ್ಲ. ಅದಕ್ಕೇ ಹೊರಡುವ ಮೊದಲು ನಾವಿಬ್ಬರೂ ಟೂರಿನ ಬಟ್ಟೆಯನ್ನೆಲ್ಲ ಹಾಕಿಕೊಂಡು ನಮ್ಮದೇ ಐಸ್ ರೂಮಿನೊಳಗೆ ಹತ್ತು ನಿಮಿಷ ನಿಂತು ನೋಡಿದ್ದೆವು. ಐಸ್ ಹೊರುವವರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿ. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿ ಒಂದರ ಮೇಲೊಂದು ಹಾಕಿದರೆ ಬೆಚ್ಚಗೆ ಎಂದು ಕಲಿತದ್ದು ಅಲ್ಲೇ. ಮಧ್ಯಾಹ್ನ ಬಿಸಿಲು ಬಂದರೆ ಒಂದೊಂದೇ ಬಿಚ್ಚಲೂಬಹುದು. ಉಳಿದದ್ದನ್ನು ಯುರೋಪಿನಲ್ಲಿ ತಿರುಗುತ್ತ ಕಲಿತೆವು. ಅಲ್ಲಿಯ ಮಳೆ ನಮ್ಮ ಮಳೆಯ ಹಾಗೆ ಸದ್ದು ಮಾಡಿಕೊಂಡು ಬರುವುದಿಲ್ಲ, ಹೇಳದೆ ಕೇಳದೆ ನೆನೆಸಿಬಿಡುತ್ತದೆ. ಕೊಡೆ ಗಾಳಿಗೆ ಮಗುಚುತ್ತದೆ, ತಲೆಯನ್ನೂ ಮುಚ್ಚುವ ಕೋಟೇ ಬೇಕು. ಶೂ ಹೊಸತಾದರೆ ಹದಿನೈದು ದಿನ ಮೊದಲೇ ಹಾಕಿಕೊಂಡು ಕಡಲ ದಂಡೆಯವರೆಗೆ ನಡೆದು ಪಳಗಿಸಬೇಕು. ಎಂಟಕ್ಕೆ ಬಸ್ಸು ಎಂದರೆ ಎಂಟಕ್ಕೇ. ಆ ಗೈಡು ನಮ್ಮ ಬಸ್ಸಿನ ಕಂಡಕ್ಟರಲ್ಲ, ಸೀಟಿ ಊದಿ ಕಾಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೇಳಿದ್ದು ಬೇರೆ.

"ಎಂತ ಚಳಿಯೂ ಇಲ್ಲೆ ಅತ್ತಿಗೆ. ನಮ್ಮ ಡಿಸೆಂಬರ್ ಬೆಳಿಗ್ಗೆ ಇತ್ತಲೆ, ಹಾಂಗೆ. ಒಂದ್ ಶಾಲ್ ಇದ್ರೆ ಸಾಕ್. ರೇಷ್ಮೆ ಸೀರೆ ತಕಂಡ್ ಹೋಯ್ನಿ, ಫೋಟೋಕ್ಕೆ ಲಾಯ್ಕ್ ಕಾಣತ್ತ್."

"ಹೌದಾ? ಹಾಂಗಾರೆ ಕಾಲಿಗೆ ಚಪ್ಲಿಯೇ ಸಾಕಾ?"

"ಸಾಕ್ ಸಾಕ್."

ಫೋನಿಟ್ಟ ಮೇಲೆ ಹೊಟ್ಟೆ ತಣ್ಣಗಾಯಿತು. ಯಾವುದೋ ಊರಿನ ಸೇತುವೆಯ ಮೇಲೆ ರೇಷ್ಮೆ ಸೀರೆ ಉಟ್ಟು, ಹಲ್ಲು ಕಟಕಟಿಸುತ್ತ ನಿಂತ ಅತ್ತಿಗೆಯನ್ನು ನೆನೆದು ಒಬ್ಬಳೇ ನಕ್ಕೆ. ಮೂರು ದಿನ ಉಂಡ ಊಟಕ್ಕೂ ಬೇರೆಯೇ ರುಚಿಯಿತ್ತು.

ಕಾರಣ ಹದಿನೆಂಟು ವರ್ಷ ಹಳೆಯದು. ತೆಕ್ಕಟ್ಟೆಯ ಆ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನನ್ನ ಅಮ್ಮ ಬಂದಿದ್ದಳು. ಅಮ್ಮ ಬೈಂದೂರು ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವವಳು. ಆ ದಿನ ವ್ಯಾಪಾರ ಬಿಟ್ಟು, ತಲೆಗೆ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಮುಂಬೈಯಿಂದ ಹೋಟೆಲಿನವರ ದೊಡ್ಡ ದಂಡೇ ಬಂದಿತ್ತು. ಚಪ್ಪರದಲ್ಲಿ ಅವರ ಸಾಲಿನಲ್ಲಿ ಊಟಕ್ಕೆ ಕೂತ ಅಮ್ಮನನ್ನು ಅತ್ತಿಗೆ ತೋಳು ಹಿಡಿದು ಎಬ್ಬಿಸಿದರು. "ನೀವ್ ಹಿಂದ್ ಬನ್ನಿ. ಅವ್ರಿಗೆಲ್ಲ ಮೀನ್ ವಾಸ್ನಿ ಆಪ್ದಿಲ್ಲೆ" ಎಂದರು. ಹಿಂದಿನ ಜಗಲಿಯಲ್ಲಿ, ತೊಳೆಯಲು ಹಾಕಿದ ಪಾತ್ರೆಗಳ ಪಕ್ಕ ಎಲೆ ಹಾಕಿಸಿದರು. ನಾನು ಪಾಯಸ ಬಡಿಸುತ್ತಿದ್ದೆ, ಎಲ್ಲವೂ ಕೇಳಿಸಿತು. ಮದುವೆಯಾಗಿ ಎರಡೇ ವರ್ಷ, ಬಾಯಿ ತೆರೆಯುವ ಧೈರ್ಯವಾಗಲಿಲ್ಲ.

ಅತ್ತಿಗೆಯಾದರೂ ಹುಟ್ಟಿದ್ದೇನು ಅತ್ತರಿನ ಅಂಗಡಿಯಲ್ಲೇ? ಇದೇ ಗಂಗೊಳ್ಳಿಯ ಬಂದರಿನಲ್ಲಿ ಬಂಗುಡೆ ಹೆಕ್ಕಿ ಬೆಳೆದವರು. ಹತ್ತಿದ ಏಣಿ ಒದೆಯುವುದೆಂದರೆ ಅದು. ಅಮ್ಮ ಮನೆಗೆ ಹೋಗುವಾಗ "ಪಾಯ್ಸ ಲಾಯ್ಕ್ ಆಯ್ತ್" ಎಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನಾನು ಆನೆ ಕೇಳಿರಲಿಲ್ಲ. ಅಮ್ಮ ಇರುವಾಗ ಅತ್ತಿಗೆಯ ಬಾಯಿಂದ "ತಪ್ಪಾಯ್ತು" ಎಂಬ ಒಂದು ಮಾತು ಬರಲಿ ಎಂದು ಕಾದಿದ್ದೆ. ಅಮ್ಮ ಸತ್ತು ಏಳು ವರ್ಷವಾಯಿತು. ಸಿಟ್ಟು ಮಾತ್ರ ಸಾಯಲಿಲ್ಲ.

ಟೂರಿಗೆ ನಾಲ್ಕು ದಿನ ಇರುವಾಗ ಅತ್ತಿಗೆ ತಮ್ಮನಿಗೆ ಹೇಳಿ ಹೋಗಲು ಗಂಗೊಳ್ಳಿಗೆ ಬಂದರು. ಹೆಗಲ ಮೇಲೆ ಹೊಸ ಶಾಲು, ತೆಳ್ಳಗೆ, ಅಂಚಿಗೆ ಜರಿ. ನನ್ನ ಉಪಾಯ ಗೊತ್ತಿಲ್ಲದ ನನ್ನ ಗಂಡ ಅದನ್ನು ಮುಟ್ಟಿ ನೋಡಿದರು.

"ಅಕ್ಕಾ, ಇದ್ ಸಾಕಾತ್ತಾ? ಕಾಂಬ, ನಮ್ಮ ಐಸ್ ರೂಮಲ್ಲ್ ಒಂದ್ಸಲ ನಿಂತ್ ಕಾಣ್."

"ಈಗ್ಲೇ ಎಂತಕೆ, ಮೊದ್ಲ್ ಚಾ ಕುಡೀಲಿ" ಎಂದೆ. ಕೇಳುವವರು ಯಾರು? ಬೋಟುಗಳಿಗೆ ಐಸ್ ತುಂಬುವ ಹೊತ್ತು, ಪ್ಲಾಂಟಿನ ತುಂಬ ಜನ. ಅತ್ತಿಗೆ ಮೂಗಿಗೆ ಸೆರಗು ಹಿಡಿದೇ ಒಳಗೆ ಹೋದರು. ಎರಡು ನಿಮಿಷಕ್ಕೆ ಶಾಲನ್ನು ಕುತ್ತಿಗೆಗೆ ಬಿಗಿದುಕೊಂಡು ನಡುಗುತ್ತ ಹೊರಬಂದರು.

"ಅಲ್ಲ್ ಇಷ್ಟ್ ಚಳಿ ಇರತ್ತಾ?"

"ಬೆಳಿಗ್ಗೆ ಗಾಳಿ ಬಂದ್ರೆ ಹೆಚ್ಚು ಕಮ್ಮಿ ಹೀಂಗೆ" ಎಂದರು ನನ್ನ ಗಂಡ. "ಇವ್ಳ್ ಹೇಳ್ಲಿಲ್ಯಾ?"

ಅತ್ತಿಗೆ ನನ್ನ ಕಡೆ ತಿರುಗಿದರು. "ನೀ ಎಂತಕ್ ಹಾಂಗ್ ಹೇಳ್ದೆ?"

ಸುಳ್ಳಿನ ಮೇಲೊಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬೇಡವೆನ್ನಿಸಿತು. ಐಸ್ ಹೊರುವವರೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ನಿಮ್ಮ ಮನೆ ಒಕ್ಲಲ್ಲ್ ನನ್ ಅಬ್ಬೀನ ಊಟದ್ ಸಾಲಿಂದ ಎಬ್ಸಿ ಹಿಂದ್ ಕೂರ್ಸಿದ್ರಿ. ಮೀನ್ ವಾಸ್ನಿ ಅಂದ್ರಿ. ನೀವೂ ಒಂದ್ಸಲ ನಡುಗ್ಲಿ ಅಂದೇ ಹೇಳ್ದೆ."

ಅವರು ಬೈಯಬಹುದು, ಅಳಬಹುದು, ತಾವು ಹಾಗೆ ಮಾಡಲೇ ಇಲ್ಲ ಎನ್ನಬಹುದು. ಮೂರಕ್ಕೂ ನನ್ನ ಬಳಿ ಉತ್ತರ ತಯಾರಿತ್ತು. ಅತ್ತಿಗೆ ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದರು.

"ನಿನ್ ಅಬ್ಬಿ ಒಕ್ಲಿಗೆ ಬಂದಿದ್ರಾ? ನಂಗ್ ನೆನ್ಪೇ ಇಲ್ಲೆ ಮಾರಾಯ್ತಿ."

ಅದು ಸುಳ್ಳಾಗಿರಲಿಲ್ಲ. ಸುಳ್ಳು ಹೇಳುವಾಗ ಅವರ ಮುಖ ಹೇಗಾಗುತ್ತದೆಂದು ಇಪ್ಪತ್ತು ವರ್ಷದಿಂದ ನೋಡಿದವಳು ನಾನು.

"ಆ ದಿನ ಜನ ಅಂದ್ರೆ ಜನ, ಯಾರ್ ಎಲ್ಲ್ ಕೂತ್ರ್ ಅಂದ್ ಯಾರಿಗ್ ಗೊತ್ತ್? ಹೋಯ್ಲಿ ಬಿಡ್. ನಿನ್ ಕೋಟ್ ಇತ್ತಲೆ, ಅದನ್ ಕೊಡ್. ಹನ್ನೊಂದ್ ದಿನಕ್ಕೆ ಹೊಸತ್ ಎಂತಕೆ?"

"ಕೋಟ್ ಇತ್ತ್" ಎಂದೆ. "ಕೊಡುದಿಲ್ಲೆ."

ಕೊಡಲಿಲ್ಲ. ಅತ್ತಿಗೆ ಮುಂಬೈಯಲ್ಲಿ ಕೋಟು ಕೊಂಡರು, ಶೂ ಕೊಂಡರು, ಐದೂ ಊರು ಬೆಚ್ಚಗೆ ತಿರುಗಿ ಬಂದರು. ಒಂದು ಸೀನು ಕೂಡ ಸೀನಲಿಲ್ಲ. ಬರುವಾಗ ನನಗೆ ಚಾಕಲೇಟು ತಂದರು.

"ಅವ್ಳಿಗೆ ನೆನ್ಪೇ ಇಲ್ಲೆ ಅಂದ್ಮೇಲೆ ನಿಂದೆಂತ ಹಠ?" ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ನೆನಪಿಲ್ಲದ್ದಕ್ಕೇ ಹಠ. ಅಮ್ಮ ಇಲ್ಲ. ಎಬ್ಬಿಸಿದವರು ಮರೆತಿದ್ದಾರೆ. ಅದು ನಡೆದದ್ದು ಹೌದು ಎನ್ನಲು ಉಳಿದವಳು ನಾನೊಬ್ಬಳೇ, ಆ ದಿನ ಸುಮ್ಮನಿದ್ದವಳೂ ನಾನೇ. ಈಗ ನಾನೂ ಮರೆತುಬಿಟ್ಟರೆ ಅಮ್ಮನನ್ನು ಇನ್ನೊಂದು ಸಲ ಊಟದ ಸಾಲಿನಿಂದ ಎಬ್ಬಿಸಿದ ಹಾಗೆ. ಈ ಸಲ ಎಬ್ಬಿಸುವವಳು ನಾನಾಗುತ್ತೇನೆ.