ಕಮಲಕ್ಕನ ಮನೆಯ ಮುಯ್ಯಿ

ಹರಿಹರಪುರದ ಸುತ್ತಮುತ್ತ ಎಲ್ಲೇ ಮದುವೆಯಾಗಲಿ, ನಾಮಕರಣವಾಗಲಿ, ಕಮಲಕ್ಕ ಹಾಜರು. ಬಡಿಸುವುದಕ್ಕೂ ಅವಳೇ, ಬೈಯುವುದಕ್ಕೂ ಅವಳೇ. "ಇಷ್ಟೇ ಪಾಯಸ ಹಾಕಿದ್ರೆ ನಾಲಗೆಗೆ ತಾಗುತ್ತಾ?" ಎಂದು ಮದುಮಗನ ಅಪ್ಪನನ್ನೂ ಬಿಡದವಳು. ಆದರೆ ಮುಯ್ಯಿ ಮಾಡದೆ ಒಂದು ಚಪ್ಪರದಿಂದಲೂ ಎದ್ದು ಬಂದವಳಲ್ಲ. ಇವತ್ತು ಅವರ ಮನೆಯ ಕಾರ್ಯಕ್ಕೆ ನಾವು ಕೊಟ್ಟಿದ್ದನ್ನು ನಾಳೆ ನಮ್ಮ ಮನೆಯ ಕಾರ್ಯಕ್ಕೆ ಅವರು ತಿರುಗಿ ಮಾಡುವುದು, ಅದಲ್ಲವೇ ಮುಯ್ಯಿ? ಕಮಲಕ್ಕ ಮದುವೆಯ ಗೊಡವೆಗೇ ಹೋದವಳಲ್ಲ. ಅವಳ ಮನೆಯಲ್ಲಿ ಕಾರ್ಯವೆಂಬುದೇ ಇಲ್ಲ. ಹಾಗಾಗಿ ಕೊಟ್ಟಿದ್ದು ಕೊಟ್ಟಲ್ಲೇ ಉಳಿಯಿತು.

ಅವಳು ಕೆಲಸಕ್ಕೆ ಹೋಗುತ್ತಿದ್ದ ಕಾಳುಮೆಣಸಿನ ನರ್ಸರಿ ಮುಚ್ಚಿತು. ಅಲ್ಲಿ ಇಲ್ಲಿ ಸಿಕ್ಕ ಕೂಲಿ ಹೊಟ್ಟೆಗೇ ಸರಿಹೋಗಿ ಬಾಡಿಗೆ ನಿಂತಿತು. ಮಹಡಿಯ ಮೇಲಿದ್ದ ಮನೆಯೊಡತಿ ಶೇಷಮ್ಮ ಕೊನೆಗೆ ಹೇಳಿಯೇಬಿಟ್ಟಳು: "ತಿಂಗಳ ಕೊನೆಗೆ ಬಾಕಿ ಕೊಡು, ಇಲ್ಲಾಂದ್ರೆ ಕೋಣೆ ಬಿಡು. ನನ್ನ ತಮ್ಮನ ಮಗ ಕೇಳ್ತಾ ಇದಾನೆ."

ಕಮಲಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕೊಪ್ಪಕ್ಕೆ ಹೋದಳು. ಬಸ್ಸಿನಲ್ಲಿ ಕೇಳಿದವರಿಗೆಲ್ಲ ಮಂಡಿನೋವಿನ ಔಷಧಿಗೆ ಅಂದಳು. ತಾಲ್ಲೂಕು ಪಂಚಾಯ್ತಿ ಆಫೀಸಿನ ಗುಮಾಸ್ತ ವಿಘ್ನೇಶ, ಪಾಪ, ಮರ್ಯಾದೆಯಿಂದಲೇ ಕೂರಿಸಿದ.

"ಮನೆ ಕಟ್ಟೋಕೆ ಸಹಾಯ ಇದೆ ಅಮ್ಮ, ಬಾಡಿಗೆ ಕಟ್ಟೋಕೆ ಇಲ್ಲ. ನಿಮ್ದು ಸ್ವಂತ ಜಾಗ ಇದೆಯಾ?"

"ಜಾಗ ಇದ್ದಿದ್ರೆ ನಿನ್ನ ಮುಖ ನೋಡೋಕೆ ಎಂತಕ್ಕೆ ಬರ್ತಿದ್ದೆ ಮಾರಾಯ?" ಎಂದು ಎದ್ದು ಬಂದಳು.

ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಸುಮಲತಾ ಸಿಕ್ಕಳು. ಅವಳಿಗೂ ಮಂಡಿನೋವಿನ ಕತೆಯನ್ನೇ ಹೇಳಿದ್ದಾಯಿತು. ಔಷಧಿ ಎಲ್ಲಿ, ಔಷಧಿ ಎಲ್ಲಿ ಎಂದು ಕೇಳಿ ಕೇಳಿ ನಿಜ ಹೊರಡಿಸಿದಳು. ದುಡ್ಡು ತಾನು ಕೊಡುತ್ತೇನೆ ಎಂದಿದ್ದೇ ತಡ, ಕಮಲಕ್ಕನಿಗೆ ಸಿಟ್ಟು ಮೂಗಿನ ತುದಿಗೆ ಬಂತು.

"ನಾನೆಂತ ಬೇಡೋಕೆ ಹೊರಟಿದೀನಾ?"

ಬೆಳಗ್ಗೆಯಿಂದ ಮಾಡಿದ್ದು ಮತ್ತೇನು ಎಂದು ಕೇಳುವ ಧೈರ್ಯ ಸುಮಲತಾಗೆ ಇರಲಿಲ್ಲ. "ಬೇಡ ಬಿಡು. ನನ್ನ ಮದುವೆಗೆ ಮುಯ್ಯಿ ಮಾಡ್ದೆ, ಮಗಳ ತೊಟ್ಟಿಲಿಗೆ ಮಾಡ್ದೆ. ತೀರಿಸೋಕೆ ನಮಗೊಂದು ದಾರಿ ಕೊಟ್ಟಿದೀಯಾ? ಊರಿಗೆ ಊರನ್ನೇ ಸಾಲದಲ್ಲಿ ಇಟ್ಟು ಕೂತಿದೀಯಲ್ಲ, ಇದು ಸರಿಯಾ ಕಮಲಕ್ಕ?"

ಕಮಲಕ್ಕ ಬಸ್ಸು ಬರುವವರೆಗೆ ಯೋಚಿಸಿದಳು. ಕೊಟ್ಟಿದ್ದು ತಿರುಗಿ ಬಂದರೆ ಅದು ಬೇಡಿದಂತಲ್ಲ.

"ಕಾರ್ಯ ಇಲ್ದೆ ಮುಯ್ಯಿ ಹೆಂಗೆ ಮಾರಾಯ್ತಿ?"

"ಸತ್ಯನಾರಾಯಣ ಪೂಜೆ ಇಟ್ಕೋ. ದೇವರೇನು ಬೇಡ ಅಂತಾನಾ?"

ಮುಯ್ಯಿ ಮಾಡಿದ ಮನೆಗಳನ್ನೆಲ್ಲ ಕಮಲಕ್ಕ ಕೊಪ್ಪದ ತನಕ ಹೋಗಿ ಕರೆದು ಬಂದಳು. ಪೂಜೆ ನಡೆಯಿತು. ಒಂದೇ ಕೋಣೆಯಲ್ಲಿ ದೇವರು, ಭಟ್ಟರು, ಕಮಲಕ್ಕ, ಉಳಿದವರೆಲ್ಲ ಅಂಗಳದಲ್ಲಿ. ಬಂದವರೆಲ್ಲ ಕವರು ಕೊಟ್ಟರು, ಕೊಟ್ಟವರೆಲ್ಲ ಬೈಸಿಕೊಂಡರು: ಒಬ್ಬಳು ತಡವಾಗಿ ಬಂದಳೆಂದು, ಇನ್ನೊಬ್ಬಳು ಮಕ್ಕಳನ್ನು ಬಿಟ್ಟು ಬಂದಳೆಂದು. ಶೇಷಮ್ಮ ಮಾತ್ರ ಮಂಗಳಾರತಿಗೂ ಕೆಳಗಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಕಮಲಕ್ಕ ಬಾಕಿ ಬಾಡಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಶೇಷಮ್ಮ ನಗದೆ ತೆಗೆದುಕೊಂಡು ಎಣಿಸಿ ಒಳಗಿಟ್ಟಳು. ಆಮೇಲೆ ಒಂದು ಕವರು ತಂದು ಅವಳ ಕೈಗಿಟ್ಟಳು.

"ಅದು ಬಾಡಿಗೆ, ಇದು ಮುಯ್ಯಿ. ನನ್ನ ಮಗಳ ಮದುವೆಗೆ ನೀನು ಮಾಡಿದ್ದು ಮರೆತಿಲ್ಲ. ತಮ್ಮನ ಮಗನಿಗೆ ಬೇರೆ ಕಡೆ ನೋಡು ಅಂದಿದೀನಿ."

ಕೋಣೆ ಉಳಿಯಿತೆಂಬ ಸಂತೋಷಕ್ಕೆ ಕಮಲಕ್ಕನ ಕಣ್ಣು ತುಂಬಿತು.

"ಎಂತ ನಿಂತಿದೀಯ?" ಎಂದಳು ಶೇಷಮ್ಮ. "ಕೊಪ್ಪದ ತನಕ ಹೋಗಿ ಕರೆದೆ, ನೆತ್ತಿ ಮೇಲೆ ಇರೋಳನ್ನ ಕರೀಲಿಲ್ಲ. ಕರೀದೆ ನಾನು ಹೆಂಗೆ ಬರ್ಲಿ?"

ಕಮಲಕ್ಕ ದಡದಡ ಕೆಳಗಿಳಿದು ಕುಂಕುಮದ ಬಟ್ಟಲು ತಂದಳು. ಶೇಷಮ್ಮನ ಹಣೆಗಿಟ್ಟು, "ನಮ್ಮನೇಲಿ ಪೂಜೆ, ಪ್ರಸಾದಕ್ಕೆ ಬನ್ನಿ" ಎಂದು ಕರೆದಳು.