ಒಂದು ತೊಟ್ಟೂ ನೆಲಕ್ಕೆ ಬೀಳಬಾರದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತಾರು ವರ್ಷ ಒಂದೇ ಪಿಕಪ್ ಗಾಡಿಯಲ್ಲಿ ಮನೆಮನೆಗೆ ಬಾಗಿಲು ಸಾಗಿಸಿದವರು. ಬಡಗಿಯ ಅಂಗಡಿಯಲ್ಲಿ ಹೇರಿಕೊಂಡು, ಕಟ್ಟುತ್ತಿರುವ ಮನೆಯ ಮುಂದೆ ಇಳಿಸಿ ಬರುವುದು ಅವರ ಕೆಲಸ. ಅವರು ಇಳಿಸಿದ ಬಾಗಿಲಿನ ಮೇಲೆ ಒಂದು ಗೀರು ಇತ್ತೆಂದು ನಾನು ಕೇಳಿಲ್ಲ. ಗಾಡಿಯ ಮೇಲಿನ ಗೀರುಗಳ ವಿಷಯ ಬೇರೆ. ಅವು ಈಚಿನ ಎರಡು ವರ್ಷದವು. ಕಣ್ಣು ಮಂಜಾದ ಮೇಲೆ ಭಾವ ತಮ್ಮ ಮನೆಯ ಗೇಟಿನ ಕಂಬಕ್ಕೇ ಮೂರು ಸಲ ಗುದ್ದಿದರು. ಮೂರನೆಯ ಸಲ ಕೆಳಗಿಳಿದು, ಗೇಣು ಹಾಕಿ ಅಳೆದು, "ಕಂಬ ಮುಂದೆ ಬಂದಿದೆ" ಎಂದರು.

"ಕಂಬಕ್ಕೆ ಕಾಲು ಬಂತೇನ್ರೀ? ಗಾಡೀನ ಮಗಳ ಕೈಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ" ಎಂದಳು ಅಕ್ಕ.

ಮಗಳಿಗೆ ಲೈಸೆನ್ಸ್ ಬಂದು ಆರು ವರ್ಷ. ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಅಪ್ಪನ ಕೆಲಸವನ್ನೇ ಹಿಡಿಯುತ್ತೇನೆ ಎಂದು ಅವಳು ಪಟ್ಟು ಹಿಡಿದಿದ್ದಳು. ಬಡಗಿಯೂ ಹೂಂ ಎಂದಿದ್ದ. ಸೋಮವಾರ ಹನ್ನೊಂದು ಬಾಗಿಲು ಹೊರಡಬೇಕಿತ್ತು. ಕೀ ಮಾತ್ರ ಭಾವನ ಅಂಗಿಯ ಜೇಬು ಬಿಟ್ಟು ಅಲುಗಲಿಲ್ಲ.

ಕಡೆಗೆ ಅವರು ಒಂದು ಪರೀಕ್ಷೆ ಇಟ್ಟರು. ಎಂಜಿನ್ ಆಯಿಲ್ ಬದಲಾಯಿಸಲು ಅವರು ಯಾವ ಗ್ಯಾರೇಜಿಗೂ ಗಾಡಿ ಒಯ್ದವರಲ್ಲ. ಮನೆಯ ಅಂಗಳದಲ್ಲೇ, ತಮ್ಮ ಕೈಯಲ್ಲೇ ಆಗಬೇಕು. ಅಕ್ಕ ದಿನಾ ತಿಕ್ಕಿ ತೊಳೆಯುವ ಸಿಮೆಂಟು ನೆಲ ಅದು. ಇಷ್ಟು ವರ್ಷದಲ್ಲಿ ಒಂದು ಎಣ್ಣೆಕಲೆ ಕಂಡಿಲ್ಲ.

"ಭಾನುವಾರ ಆಯಿಲ್ ನೀನೇ ಬದಲಾಯ್ಸು. ನೆಲಕ್ಕೆ ಒಂದು ತೊಟ್ಟು ಬಿತ್ತೋ, ಆಮೇಲೆ ಕೀ ಮಾತು ಎತ್ತಬಾರದು."

"ಬೀಳದಿದ್ರೆ?"

"ಬೀಳದಿದ್ರೆ ತಗೋ."

ಭಾನುವಾರ ಬೆಳಿಗ್ಗೆ ಭಾವ ಪರೀಕ್ಷೆಯ ಮಟ್ಟಿಗೆ ಕೀಯನ್ನು ತಾವೇ ಗಾಡಿಗೆ ಸಿಕ್ಕಿಸಿಕೊಟ್ಟರು. ಹುಡುಗಿ ಎಂಜಿನ್ನನ್ನು ಐದು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ನಿಲ್ಲಿಸಿದಳು. ಚಕ್ರಕ್ಕೆ ಮರದ ತುಂಡು ಕೊಟ್ಟು, ಗೋಣಿಚೀಲ ಹಾಸಿ, ಬೋಗುಣಿ ಹಿಡಿದು ಗಾಡಿಯ ಕೆಳಗೆ ತೂರಿದಳು. ಎಣ್ಣೆ ಇಳಿಸುವ ತಳದ ಬೋಲ್ಟಿನ ಕೊನೆಯ ಸುತ್ತುಗಳನ್ನು ಕೈಯಿಂದಲೇ, ಮೇಲಕ್ಕೆ ಒತ್ತಿ ಹಿಡಿದು ತಿರುಗಿಸಿ, ಸರಕ್ಕನೆ ಎಳೆದಳು. ಕಪ್ಪು ಎಣ್ಣೆ ಬೋಗುಣಿಯ ನಟ್ಟನಡುವೆ ಇಳಿಯಿತು. ಭಾವ ಸ್ಟೂಲಿನಿಂದ ಎದ್ದು, ಮಂಡಿಯೂರಿ, ನೆಲವನ್ನು ಬೆರಳಿನಿಂದ ಸವರಿ ಮೂಸಿದರು. ಸೋಪಿನ ವಾಸನೆ ಬಂದಿರಬೇಕು, ಮುಖ ಸಪ್ಪಗಾಯಿತು.

"ಫಿಲ್ಟರ್ ನಾನು ಹಾಕ್ತೀನಿ" ಎಂದರು.

"ಪರೀಕ್ಷೆ ನಂದಲ್ವಾ?"

"ಅದಕ್ಕೆ ಪಳಗಿದ ಕೈ ಬೇಕು. ಸರಿ ಆಚೆ."

ಎಣ್ಣೆ ಸೋಸುವ ಆ ಫಿಲ್ಟರಿನ ಬಾಯಿಗೆ ಬಳೆಯಂಥ ಒಂದು ರಬ್ಬರು ಇರುತ್ತದೆ. ಹಳೆಯ ಫಿಲ್ಟರ್ ಕಳಚಿದಾಗ ಅದೂ ಜೊತೆಗೆ ಬರಬೇಕು. ಒಮ್ಮೊಮ್ಮೆ ಎಂಜಿನ್ನಿಗೇ ಕಚ್ಚಿಕೊಂಡು ಉಳಿದುಬಿಡುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎಣ್ಣೆ ನಿಲ್ಲುವುದಿಲ್ಲ.

"ಅಪ್ಪಾ, ಹಳೇ ರಬ್ಬರ್ ಬಂತಾ ನೋಡಿದ್ಯಾ?"

"ನಿಂಗೆ ಹಲ್ಲು ಬರೋಕೆ ಮುಂಚಿಂದ ನೋಡ್ತಿದ್ದೀನಿ."

"ಟಾರ್ಚ್ ಹಿಡೀಲಾ?"

"ಟಾರ್ಚು ಕಣ್ಣು ಕಾಣದೋರಿಗೆ."

ಅವಳು ನನ್ನ ಕಡೆ ನೋಡಿದಳು. ನಾನು ಗೇಟಿನ ಕಡೆ ನೋಡಿದೆ. ಭಾವ ಫಿಲ್ಟರನ್ನು ಹಲ್ಲು ಕಚ್ಚಿ ಬಿಗಿದು ಹೊರಬಂದರು. ಅವಳು ಬೋಲ್ಟನ್ನು ತಿರುಗಿ ಹಾಕಿ, ಹೊಸ ಎಣ್ಣೆ ಹೊಯ್ದು, ಕಡ್ಡಿ ಎಳೆದು ಮಟ್ಟ ನೋಡಿದಳು. ನೆಲ ಕನ್ನಡಿಯಂತಿತ್ತು.

"ಸ್ಟಾರ್ಟ್ ಮಾಡು."

ಮಾಡಿದಳು. ಎರಡು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಫಿಲ್ಟರಿನ ಸಂದಿಯಿಂದ ಎಣ್ಣೆ ಜರ್ರನೆ ಸುರಿಯಿತು. ಅವಳು ಎಂಜಿನ್ ಆರಿಸುವಷ್ಟರಲ್ಲಿ ಗಾಡಿಯ ಕೆಳಗೆ ಕೆರೆಯಾಗಿ, ಅಂಗಳದ ಇಳಿಜಾರು ಹಿಡಿದು, ಗೇಟಿನ ಕಂಬದ ಬುಡಕ್ಕೆ ಹೋಗಿ ನಿಂತಿತು. ಕಂಬ ಈ ಸಲ ಮುಂದೆ ಬಂದಿರಲಿಲ್ಲ.

ಅಕ್ಕ ಒಳಗಿನಿಂದ ಬಂದು ಸೊಂಟಕ್ಕೆ ಕೈಯಿಟ್ಟಳು. "ಯಾರ ಘನಕಾರ್ಯ ಇದು?"

ಹುಡುಗಿ ಗೋಣಿಚೀಲ ಎಳೆದು ಎಣ್ಣೆಗೆ ಅಡ್ಡ ಹಾಕಿದಳು. ಭಾವ ಆ ಎಣ್ಣೆಯಲ್ಲೇ ಮಲಗಿ ಕೆಳಗೆ ತೂರಿ, ಫಿಲ್ಟರ್ ಬಿಚ್ಚಿದರು. ಹೊರಬಂದಾಗ ಅವರ ಬೆರಳಿಗೆ ಹಳೆಯ ರಬ್ಬರು ನೇತಾಡುತ್ತಿತ್ತು. ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದರು.

"ನಂದು" ಎಂದರು.

"ಯಾರದಾದ್ರೇನು, ತೊಟ್ಟು ಬಿತ್ತಲ್ಲಪ್ಪಾ. ಕೀ ಮಾತು ಎತ್ತೋದಿಲ್ಲ ಬಿಡು" ಎಂದಳು ಮಗಳು.

"ತೊಟ್ಟೆಲ್ಲಿ ಬಿತ್ತು? ಇದು ಎರಡು ಲೀಟರ್." ಭಾವ ಗಾಡಿಯಲ್ಲಿದ್ದ ಕೀ ಎಳೆದು ತೆಗೆದು, ಒರೆಸಲು ಅಂಗಿಯಲ್ಲಿ ಒಣಗಿದ ಜಾಗ ಹುಡುಕಿ, ಸಿಗದೆ ಹಾಗೇ ಅವಳ ಅಂಗೈಗೆ ಹಾಕಿದರು.

ಬಡಗಿಯ ಅಂಗಡಿಯಿಂದ ಎರಡು ಚೀಲ ಮರದ ಹೊಟ್ಟು ತಂದು ಸುರಿದೆವು. ಕಲೆ ಹೋಗಲಿಲ್ಲ. ಬಂದವರಿಗೆಲ್ಲ ಅಕ್ಕ ಅದನ್ನು ಈಗಲೂ ತೋರಿಸುತ್ತಾಳೆ.

ಸೋಮವಾರ ಹುಡುಗಿ ಗಾಡಿ ಹತ್ತಿದಳು. ದಾರಿ ತೋರಿಸಲು ಹೊರಟ ಭಾವ ಪಕ್ಕದ ಸೀಟಿನ ಬಾಗಿಲಿನ ಮುಂದೆ ನಿಂತು ಹಿಡಿಕೆ ಎಳೆದರು. ತೆರೆಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಕಡೆಯಿಂದ ಅವರು ಹತ್ತಿರಲಿಲ್ಲ.

"ಮೇಲಕ್ಕೆತ್ತಿ ಎಳಿ ಅಪ್ಪಾ."

ಎತ್ತಿ ಎಳೆದು, ಹತ್ತಿ ಕೂತು, ಗಂಟಲು ಸರಿಮಾಡಿಕೊಂಡರು.

"ಕಂಬ ಮುಂದೆ ಬಂದಿದೆ. ನೋಡ್ಕೊಂಡು ತಗೋ."