ಕರಿಯನ ಕಣ್ಣು

ಒಂಬತ್ತು ವರ್ಷದ ಹಿಂದೆ ಮುನವಳ್ಳಿಯ ಫೋಟೋ ಸ್ಟುಡಿಯೋದ ನಾಗರತ್ನಾ ಅವರು ಯರಗಟ್ಟಿ ಪೇಟೆಯ ಹಮಾಲ ಕಾಡಪ್ಪ ಅವರಿಗೆ ಒಂದು ಮಾತು ಕೊಟ್ಟಿದ್ದರು. ಅವತ್ತು ಕಾಡಪ್ಪನವರ ಕಪ್ಪು ನಾಯಿ ಕರಿಯನನ್ನು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ, ತಾವೂ ನಿಂತೇ ಫೋಟೋ ತೆಗೆದಿದ್ದರು. ಫೋಟೋದಲ್ಲಿ ಬಾಲ ತುಂಡಾಗಿತ್ತು. ಲೈಟಿನ ಕಂಬ ತಲೆಯ ಮೇಲೆ ಕೊಂಬಿನಂತೆ ಎದ್ದಿತ್ತು. ಮುಖವಿರುವಲ್ಲಿ ಬರೀ ಮಸಿ. ಕಾಡಪ್ಪ ಜಗಳ ತೆಗೆಯಲಿಲ್ಲ.

“ನಮ್ಮ ಕರಿಯಾಗ ಕಣ್ಣ ಇಲ್ಲೇನವಾ, ತಂಗಿ?” ಎಂದಷ್ಟೇ ಕೇಳಿದರು.

“ಅದು ಜೀವಂತ ಇರೂದರಾಗ ಕಣ್ಣ ಕಾಣೂವಂಗ ತಗದು, ನಿಮ್ಮ ಕೈಯಾಗ ಕೊಡತೇನಿ, ಅಣ್ಣಾ.” ನಾಚಿಕೆಯಲ್ಲಿ ಬಾಯಿಗೆ ಬಂದ ಮಾತದು.

ಈಗ ಬೆಳಗಿನ ಆರೂಕಾಲು. ನಾಗರತ್ನಾ ಅವರ ಸ್ಕೂಟಿ ಯರಗಟ್ಟಿ ದಾರಿಯಲ್ಲಿದೆ. ಕರಿಯ ಎರಡು ದಿನದಿಂದ ಅನ್ನ ಮುಟ್ಟಿಲ್ಲವೆಂದು ನಿನ್ನೆ ಸಂಜೆ ಕಾಡಪ್ಪ ಫೋನು ಮಾಡಿದ್ದರು. ಮೂಡಣದಲ್ಲಿ ಮೋಡ ಕಂಡಾಗೆಲ್ಲ ನಾಗರತ್ನಾ ಅವರ ಕೈ ಎಕ್ಸಿಲರೇಟರನ್ನು ತಾನಾಗಿ ಹಿಂಡುತ್ತದೆ. ಕಪ್ಪು ನಾಯಿಗೆ ಬೇಕಾದ ಓರೆ ಬೆಳಕು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ.

ಆ ಕೆಟ್ಟ ಫೋಟೋ ಆದಮೇಲೆ ಅವರು ಒಂದಿಡೀ ಮಳೆಗಾಲ ಮನೆಯ ಬೆಕ್ಕಿನ ಹಿಂದೆ ಬಿದ್ದು ಕಲಿತರು. ಕಲಿತದ್ದನ್ನು ಕೇಳಿದರೆ ಅಡುಗೆ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. “ನಿಂತಗೊಂಡ ತಗದ್ರ ಪ್ರಾಣಿ ಹುಳದಂಗ ಕಾಣತೈತ್ರಿ. ಅದರ ಕಣ್ಣಿಗೆ ನಮ್ಮ ಕಣ್ಣ ಸಮ ಆಗಬೇಕು. ಅದು ಯಾ ಕಡೆ ನೋಡತೈತಿ, ಫೋಟೋದಾಗ ಆ ಕಡೆ ಒಂದೀಟು ಜಾಗಾ ಬಿಡಬೇಕು. ಇಲ್ಲಂದ್ರ ಗ್ವಾಡಿಗೆ ಮುಖಾ ಬಡದಂಗ ಆಗತೈತಿ.”

ಈಗ ತಿಂಗಳಿಗೆ ಹದಿನೈದಿಪ್ಪತ್ತು ಪ್ರಾಣಿಗಳು. ರಾಮದುರ್ಗದಲ್ಲಿ ನಾಯಿ, ಬೈಲಹೊಂಗಲದಲ್ಲಿ ಮೊಲ, ದೇಗಾಂವದಲ್ಲಿ ಬೆಕ್ಕು. ಒಂದೊಂದಕ್ಕೆ ಇನ್ನೂರು ಸಲ ಕ್ಯಾಮೆರಾ ಒತ್ತಿದರೆ ಉಳಿಯುವುದು ಎರಡೋ ಮೂರೋ. ನೆಲಕ್ಕೆ ಊರಿ ಊರಿ ಮೊಣಕೈ ಎರಡೂ ಜಡ್ಡುಗಟ್ಟಿವೆ. ಅತ್ತೆ ಗುರವ್ವ ಸೊಸೆಯ ಸೀರೆಯ ಮಣ್ಣು ನೋಡಿ, ದೇವರಿಗೂ ಇಷ್ಟು ಅಡ್ಡ ಬಿದ್ದವಳಲ್ಲ, ನಾಯಿಗೆ ಬೀಳುತ್ತಾಳೆ ಎಂದು ನಗುತ್ತಾರೆ.

ಕರಿಯನೊಬ್ಬನದೇ ಬಾಕಿ. ಎರಡು ಸಲ ಹೋದಾಗ ಕ್ಯಾಮೆರಾ ಕಂಡು ಅವನು ಓಡಿಹೋದ. ಆಮೇಲೆ ಹತ್ತಿರದ ಊರು, ಯಾವಾಗ ಹೋದರೂ ಆಯಿತು ಎನ್ನುತ್ತಲೇ ವರ್ಷಗಳು ಸರಿದವು.

ಕಾಡಪ್ಪನವರ ಅಂಗಳ ಮುಟ್ಟಿದ ನಾಗರತ್ನಾ ಸ್ಕೂಟಿಯನ್ನು ಅಲ್ಲೇ ನಿಲ್ಲಿಸಿ ನೋಡುತ್ತಾರೆ. ಕರಿಯನ ಕೊರಳಲ್ಲಿ ಸೇವಂತಿ ಹಾರ. ಹತ್ತಿರ ಹೋದರೆ ಹೊಟ್ಟೆ ಮೆಲ್ಲಗೆ ಏರಿಳಿಯುತ್ತಿದೆ. ಫೋಟೋಕ್ಕೆಂದು ಕಾಡಪ್ಪ ಅವನನ್ನು ಕಾರಹುಣ್ಣಿಮೆಯ ಎತ್ತಿನಂತೆ ಮೀಯಿಸಿ, ಮೈತುಂಬ ಎಣ್ಣೆ ಹಚ್ಚಿ, ಕುಂಕುಮವಿಟ್ಟು ಕೂರಿಸಿದ್ದಾರೆ. ಮೈ ಕನ್ನಡಿಯಂತೆ ಹೊಳೆಯುತ್ತಿದೆ, ನಾಯಿ ಗಡಗಡ ನಡುಗುತ್ತಿದೆ.

“ಹಾರ ತಗೀರಿ ಅಣ್ಣಾ. ನೋಡಿದವ್ರು ಸತ್ತೈತಿ ಅಂತಾರ.”

ಹಳೆಯ ಧೋತರದಿಂದ ಎಣ್ಣೆ ಒರೆಸಿ, ಮೈ ಬೆಚ್ಚಗಾಗುವಷ್ಟರಲ್ಲಿ ಬೆಳಕು ಅರ್ಧ ಮುಗಿದಿದೆ. ಕರಿಯನನ್ನು ಎತ್ತಿ ಮೂಡಣ ಬಾಗಿಲೊಳಗಿನ ನೆರಳಿಗೆ ತರುತ್ತಾರೆ. ಹಿಂದೆ ಏನೂ ಇಲ್ಲ, ಮಣ್ಣಿನ ಗೋಡೆಯಷ್ಟೇ. ನಾಗರತ್ನಾ ಹೊಸ್ತಿಲಾಚೆ ಬೋರಲು ಬೀಳುತ್ತಾರೆ. ಕರಿಯ ಮುಖ ಎತ್ತುವುದಿಲ್ಲ. ಹೆಸರು ಕರೆದರೂ ಇಲ್ಲ, ರೊಟ್ಟಿ ತೋರಿಸಿದರೂ ಇಲ್ಲ. ಮೋಡವೊಂದು ಸೂರ್ಯನ ಕಡೆಗೆ ಸರಿಯುತ್ತಿದೆ.

ದಿನಾ ಸಂಜೆ ಮನೆಗೆ ಬಂದಾಗ ನೀವು ಮೊದಲು ಏನು ಮಾಡುತ್ತೀರಿ ಎಂದು ನಾಗರತ್ನಾ ಕೇಳುತ್ತಾರೆ. ಕಾಡಪ್ಪ ಒಳಗಿನಿಂದ ಚೀಲ ಎತ್ತುವ ಕೊಕ್ಕೆ ತಂದು, ನಾಗರತ್ನಾ ಅವರ ಬೆನ್ನ ಹಿಂದೆ ನಿಂತು, ಕಟ್ಟೆಯ ಕಲ್ಲಿಗೆ ಬಡಿಯುತ್ತಾರೆ. ಠಣ್.

ಕರಿಯನ ಕಿವಿ ನಿಮಿರುತ್ತವೆ. ತಲೆ ಏಳುತ್ತದೆ. ಬಾಗಿಲ ಬೆಳಕು ಎರಡೂ ಕಣ್ಣಿಗೆ ಬೀಳುತ್ತದೆ. ನಾಗರತ್ನಾ ಒತ್ತುತ್ತಾರೆ. ಮೂರನೆಯ ಸಲಕ್ಕೆ ಮೋಡ ಮುಚ್ಚುತ್ತದೆ.

ನಾಗರತ್ನಾ ಕ್ಯಾಮೆರಾದ ಪರದೆ ನೋಡುತ್ತಾರೆ. ಕಣ್ಣು ಬಂದಿವೆ. ಆದರೆ ಎರಡರಲ್ಲೂ ಪೊರೆ, ಹಾಲಿನಷ್ಟು ಬಿಳಿ. ಕಂಪ್ಯೂಟರಿನಲ್ಲಿ ಕಪ್ಪು ಮಾಡಿ ಕೊಡಲೇ ಎಂದು ಹಿಂಜರಿಯುತ್ತಲೇ ಕೇಳುತ್ತಾರೆ.

“ಬ್ಯಾಡವಾ,” ಎನ್ನುತ್ತಾರೆ ಕಾಡಪ್ಪ. “ನನ್ನ ದಾರಿ ಕಾದ ಕಾದ ಬೆಳ್ಳಗ ಆಗ್ಯಾವ. ಹಂಗ ಇರ್ಲಿ.”

ನಾಗರತ್ನಾ ಮುನವಳ್ಳಿಗೆ ಹೋಗಿ, ಪ್ರಿಂಟು ತೆಗೆದು, ಊಟ ಮಾಡದೆ ತಿರುಗಿ ಬರುತ್ತಾರೆ. ದಾರಿಯುದ್ದಕ್ಕೂ, ಕರಿಯ ಹೋದನೆಂದು ಫೋನು ಎಲ್ಲಿ ಹೊಡೆದುಕೊಳ್ಳುತ್ತದೋ ಎಂಬ ದಿಗಿಲು. ಹೊಡೆದುಕೊಳ್ಳುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಫೋಟೋ ಕಾಡಪ್ಪನವರ ಕೈಯಲ್ಲಿದೆ. ಕರಿಯ ಅವರ ಕಾಲ ಬಳಿ ಉಸಿರಾಡುತ್ತಿದ್ದಾನೆ. ನಾಗರತ್ನಾ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.